ಬಾಡಿಗೆಯ ಆಸೆ, ಬಡ್ಡಿಯ ಹೊರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬಂದಿರುವ ಸಹೋದರ ಸಹೋದರಿಯರೇ,

ಸಾಲ ಮಾಡಿ ಮಳಿಗೆ ಕೊಂಡರೆ ಬಾಡಿಗೆಯೇ ಕಂತು ತೀರಿಸುತ್ತದೆಂಬ ನಂಬಿಕೆ ನಮ್ಮಲ್ಲೂ ಬೇರೂರುತ್ತಿದೆ. ಲೆಕ್ಕ ಹಾಕೋಣ. 20 ಲಕ್ಷ ರೂಪಾಯಿಯ ಮಳಿಗೆಗೆ ನಾವು 5 ಲಕ್ಷ ಹಾಕಿ, ಉಳಿದ 15 ಲಕ್ಷವನ್ನು ಶೇ. 9ರ ಬಡ್ಡಿಗೆ 15 ವರ್ಷಗಳ ಅವಧಿಗೆ ಪಡೆದೆವೆನ್ನಿ. ತಿಂಗಳ ಕಂತು ಸುಮಾರು 15,200 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಯೇ 11,250. ಬಾಡಿಗೆ 8,000 ಬಂದರೆ ಅದು ಬಡ್ಡಿಗೂ ಸಾಲದು. ಮಳಿಗೆಯ ಬೆಲೆ ಕಾಲು ಭಾಗ ಕುಸಿದರೆ ನಮ್ಮ 5 ಲಕ್ಷ ಪೂರ್ತಿ ಕರಗುತ್ತದೆ, ಸಾಲ ಕರಗದು.

ನಮ್ಮ ಊರುಗಳ ವ್ಯಾಪಾರ ನಿಂತಿರುವುದು ಮಗ್ಗ ಮತ್ತು ಕಬ್ಬಿನ ಮೇಲೆ. ಬನಹಟ್ಟಿಯಲ್ಲಿ ಸೀರೆಗೆ ಬೇಡಿಕೆ ತಗ್ಗಿದರೆ, ಮುಧೋಳ-ಜಮಖಂಡಿಗಳಲ್ಲಿ ಕಬ್ಬಿನ ಬಿಲ್ಲು ತಡವಾದರೆ ಬಾಡಿಗೆದಾರನ ಕೈ ಬರಿದಾಗುತ್ತದೆ. ಬ್ಯಾಂಕಿನ ಕಂತು ಮಾತ್ರ ಕಾಯುವುದಿಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂಬುದು ಅಲ್‌ಬಕರಃ ಅಧ್ಯಾಯದ 280ನೇ ಸೂಕ್ತದ ಬೋಧನೆ. ಸ್ವತಃ ಬಡ್ಡಿಯಲ್ಲಿ ಸಿಲುಕಿದವನು ಬಾಕಿ ಉಳಿಸಿಕೊಂಡ ಬಾಡಿಗೆದಾರನಿಗೆ ಆ ಕರುಣೆ ತೋರಬಲ್ಲನೇ? ಆಲಮಟ್ಟಿ ಹಿನ್ನೀರಿಗೆ ಭೂಮಿ ಕಳೆದುಕೊಂಡ ಬೀಳಗಿಯ ಕುಟುಂಬಗಳಂತೂ ಪರಿಹಾರದ ಹಣವನ್ನು ಇಂತಹ ಸಾಲದ ಮುಂಗಡವಾಗಿಸಬಾರದು.

ಇಸ್ಲಾಮ್ ಬಾಡಿಗೆಯನ್ನು ನಿಷೇಧಿಸಿಲ್ಲ, ಬಡ್ಡಿಯನ್ನು ನಿಷೇಧಿಸಿದೆ. ಬಾಡಿಗೆ ಪಡೆಯುವವನು ಕಟ್ಟಡದ ಹೊಣೆಯನ್ನೂ ಹೊರುತ್ತಾನೆ. ಬಡ್ಡಿ ಪಡೆಯುವವನು ನಷ್ಟದಲ್ಲಿ ಪಾಲುದಾರನಾಗುವುದಿಲ್ಲ. ಆದ್ದರಿಂದ ನಾಲ್ಕು ಮನೆಯವರು ತಲಾ 5 ಲಕ್ಷ ಕೂಡಿಸಿ ಅದೇ ಮಳಿಗೆಯನ್ನು ಕೊಳ್ಳೋಣ. ಪಾಲುಗಳನ್ನು ಕಾಗದದಲ್ಲಿ ಬರೆದು ನೋಂದಾಯಿಸೋಣ. ಬಾಡಿಗೆಯನ್ನೂ ನಷ್ಟವನ್ನೂ ಹಂಚಿಕೊಳ್ಳೋಣ. ಸಂಪತ್ತು ನಿಧಾನವಾಗಿ ಬೆಳೆದೀತು. ಆದರೆ ಒಂದು ಕಂತು ತಪ್ಪಿತೆಂದು ಯಾರ ಆಸ್ತಿಯೂ ಹರಾಜಿಗೆ ಬರದು. ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ.