ಪ್ರೌಢಶಾಲೆಯ ಮೊದಲ ವರ್ಷಗಳಲ್ಲಿ ವಿಜ್ಞಾನಾಭ್ಯಾಸ
(ಉಳವಿ ಕ್ಷೇತ್ರದಲ್ಲಿ ಮಾಡಿದ ಭಾಷಣ)



ಚೆನ್ನಬಸವಣ್ಣನವರು ಐಕ್ಯರಾದ ಈ ಉಳವಿಯು ಜ್ಞಾನದ ಕ್ಷೇತ್ರವು. ವಿಚಾರಿಸಿ, ವಿಂಗಡಿಸಿ, ಹೆಸರಿಟ್ಟು ತಿಳಿಯುವುದು ಅವರ ಮಾರ್ಗವಾಗಿದ್ದಿತು. ವಿಜ್ಞಾನಾಭ್ಯಾಸಕ್ಕೂ ಇದೇ ಮೊದಲನೆಯ ಮೆಟ್ಟಿಲು. ಆದುದರಿಂದ ಆ ವಿಷಯವನ್ನು ಇಲ್ಲಿ ಎತ್ತುವುದು ಅನುಚಿತವಾಗಲಾರದೆಂದು ನಂಬಿರುವೆನು.

ಎಂಟನೆಯ ತರಗತಿಗೆ ಕಾಲಿಡುವ ಮಗುವಿಗೆ ಹದಿಮೂರರ ಪ್ರಾಯ. ಅಲ್ಲಿಯವರೆಗೆ ಕಣ್ಣಿಗೆ ಕಂಡುದನ್ನು ಕೇಳಿ ತಿಳಿದ ಮಗುವು, ಅಲ್ಲಿಂದ ಮುಂದೆ ಅಳತೆ, ನಿಯಮ, ಕಾರಣಗಳನ್ನು ಕಲಿಯಬೇಕಾಗುವುದು. ಆಗ ಹುಟ್ಟಿದ ಭಯವು ಹತ್ತನೆಯ ತರಗತಿಯವರೆಗೂ ಬಿಡದು. ತರುವಾಯ ವಿಜ್ಞಾನಶಾಖೆಯ ಬಾಗಿಲು ತಾನಾಗಿ ಮುಚ್ಚಿಹೋಗುವುದು. ವೈದ್ಯನೋ ಯಂತ್ರಶಿಲ್ಪಿಯೋ ಆಗಬಹುದಾಗಿದ್ದ ಮಗುವು ಆ ದಾರಿಯನ್ನು ಹದಿಮೂರರಲ್ಲಿಯೇ ಕಳೆದುಕೊಳ್ಳುವುದು ಅಲ್ಪ ನಷ್ಟವಲ್ಲ.

ಈ ಭಯಕ್ಕೆ ಕಾರಣವೇನು? ಕಂಠಪಾಠವೇ. ಪುಸ್ತಕದ ವಾಕ್ಯಕ್ಕೂ ಮನೆಯ ಬದುಕಿಗೂ ಸಂಬಂಧವಿಲ್ಲವೆಂದು ಮಗುವು ಭಾವಿಸುವುದು. ವಸ್ತುಸ್ಥಿತಿಯು ಹಾಗಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ರೈತರು ಚಕ್ಕಡಿಗಳನ್ನು ಹೂಡಿಕೊಂಡು ಬರುವರಷ್ಟೆ. ಆ ಚಕ್ಕಡಿಯೇ ಒಂದು ಪ್ರಯೋಗಶಾಲೆ. ಕಮ್ಮಾರನು ಕಬ್ಬಿಣದ ಹಳಿಯನ್ನು ಮರದ ಗಾಲಿಗಿಂತ ತುಸು ಕಿರಿದಾಗಿಯೇ ಮಾಡುವನು. ಬೆಂಕಿಯಲ್ಲಿ ಕಾಯಿಸಿದರೆ ಅದು ಹಿಗ್ಗಿ ಗಾಲಿಯ ಮೇಲೆ ಕೂಡುವುದು. ನೀರು ಹೊಯ್ದೊಡನೆ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವುದು. ಉಷ್ಣದಿಂದ ಲೋಹವು ಹಿಗ್ಗುವುದೆಂಬ ಪಾಠವಿದು. ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಘರ್ಷಣೆಯನ್ನು ಕಡಿಮೆ ಮಾಡುವುದಕ್ಕೆ. ಘಟ್ಟದ ಇಳಿಜಾರಿನಲ್ಲಿ ಗಾಲಿಯನ್ನು ತಡೆಯಲು ಅದೇ ಘರ್ಷಣೆಯನ್ನು ಬೇಡುವೆವು. ಒಂದೆಡೆ ಹಗೆಯಾದುದು ಇನ್ನೊಂದೆಡೆ ಗೆಳೆಯನಾಗುವುದೆಂಬುದನ್ನು ಮಗುವು ಒಮ್ಮೆ ಕಂಡರೆ ಮರೆಯಲಾರದು.

ತಾಯಂದಿರೇ, ನಿಮ್ಮ ಅಡಿಗೆಮನೆಯೂ ಹಾಗೆಯೇ. ಅರಿಷಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು. ನಿಂಬೆಯ ರಸವನ್ನು ಸಾಕಷ್ಟು ಹಿಂಡಿದರೆ ಮರಳಿ ಹಳದಿಯಾಗುವುದು. ಆಮ್ಲ, ಪ್ರತ್ಯಾಮ್ಲಗಳನ್ನು ಗುರುತಿಸುವ ಈ ಪ್ರಯೋಗಕ್ಕೆ ಮೂರು ಕಾಸಿನ ವೆಚ್ಚವೂ ಇಲ್ಲ. ಇನ್ನು, ಈ ತಾಲೂಕಿನಲ್ಲಿಯೇ ಹುಟ್ಟುವ ಕಾಳೀನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಊರು ಆ ನೀರಿನಲ್ಲಿ ಮುಳುಗಿತು. ಎತ್ತರದ ನೀರಿನಲ್ಲಿ ಅಡಗಿರುವ ಶಕ್ತಿಯು ಇಳಿಯುವಾಗ ಚಕ್ರವನ್ನು ತಿರುಗಿಸಿ ವಿದ್ಯುತ್ತಾಗುವ ಬಗೆಯನ್ನು, ಅದಕ್ಕಾಗಿ ಊರನ್ನು ಬಿಟ್ಟವರ ಮಕ್ಕಳು ಅರಿಯದೆ ಇದ್ದರೆ ಮತ್ತಾರು ಅರಿಯಬೇಕು?

ವಿಜ್ಞಾನಕ್ಕೆ ಕನ್ನಡವು ಸಾಲದೆಂಬ ಮಾತೂ ಕೇಳಿಬರುವುದು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿ ಈ ಮಾತಿಗೆ ಉತ್ತರವಿತ್ತಿರುವರು. ಕಾರಣವನ್ನು ತಾಯ್ನುಡಿಯಲ್ಲಿ ಗ್ರಹಿಸಿದ ಮಗುವು ಮುಂದೆ ಇಂಗ್ಲಿಷಿನ ಹೆಸರನ್ನು ಸುಲಭವಾಗಿ ಕಲಿಯುವುದು. ಕಾರಣವನ್ನರಿಯದೆ ಹೆಸರನ್ನಷ್ಟೇ ಕಲಿತುದು ಪರೀಕ್ಷೆಯೊಡನೆ ಮರೆತುಹೋಗುವುದು.

ಭಕ್ತರು ಮಾಡತಕ್ಕುದೇನು? 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ. ಎಲ್. ಇ. ಸಂಸ್ಥೆಗೆ ಅಡಿಗಲ್ಲನ್ನಿಟ್ಟರು, ಅವರು ಸಿರಿವಂತರೆಂದು ಆ ಕಾರ್ಯವು ನಡೆಯಲಿಲ್ಲ. ಮಠಗಳು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವವು. ಪ್ರಸಾದನಿಲಯದಲ್ಲಿ ಒಂದು ಕಪಾಟು, ಅದರಲ್ಲಿ ಉಷ್ಣಮಾಪಕ, ತಕ್ಕಡಿ, ಅಯಸ್ಕಾಂತ, ಭೂತಗನ್ನಡಿಗಳು ಇರಲಿ. ಕಾಡಿನ ನಡುವೆ ಚದುರಿರುವ ಊರುಗಳ ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ನಿಲ್ಲಿಸದಿರಿ. ಮಗುವು ‘ಏಕೆ?’ ಎಂದು ಕೇಳಿದಾಗ ಗದರಿಸದಿರಿ. ತಿಳಿಯದಿದ್ದರೆ, ‘ಬಾ, ಕೂಡಿ ನೋಡೋಣ’ ಎನ್ನಿರಿ. ಪ್ರಶ್ನೋತ್ತರದಿಂದಲೇ ಬೆಳೆದ ಅನುಭವಮಂಟಪದ ಪರಂಪರೆಯವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಈ ಶುಭಮಹೋತ್ಸವದ ನೆನಪಾಗಿ ಅಂತಹ ಒಂದು ಕಪಾಟಾದರೂ ಪ್ರತಿಯೊಂದು ಪ್ರಸಾದನಿಲಯದಲ್ಲಿ ತೆರೆಯಲೆಂದು ಹಾರೈಸುವೆನು.