ಕುಣಿತ ಬಲ್ಲವರೇ ಕಲಿಸಲಿ
(ಹರಪನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ನಾವೂ ಒಂದು ಕಾಲಕ್ಕೆ ಮೇಷ್ಟರಾಗಿದ್ದವರು. ಮೇಷ್ಟರನ್ನು ಹಳಿಯಲು ಇಲ್ಲಿ ನಿಂತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಪ್ರತಿಭಾ ಕಾರಂಜಿ ಹತ್ತಿರ ಬಂದಾಗಲೇ ಎಷ್ಟೋ ಶಾಲೆಗಳಿಗೆ ಜನಪದ ಕುಣಿತದ ನೆನಪಾಗುತ್ತದೆ. ಮೊಬೈಲಿನಲ್ಲಿ ಹಾಡು ಹಾಕಿ, ಬಣ್ಣದ ಬಟ್ಟೆ ತೊಡಿಸಿ, ನಾಲ್ಕು ದಿನದಲ್ಲಿ ಮಕ್ಕಳನ್ನು ಕುಣಿಸಿಬಿಡುತ್ತಾರೆ. ತಾವೇ ಕೋಲು ಹಿಡಿಯದ ಮೇಷ್ಟರು, ಕೋಲಾಟದಲ್ಲಿ ತಾಳ ತಪ್ಪಿದ ಮಗುವನ್ನು ತಿದ್ದುವುದು ಹೇಗೆ? ಅವರಿಗಾದರೂ ಕಲಿಸಿದವರು ಯಾರು?

ಇದಕ್ಕಿಂತ ದೊಡ್ಡ ಕೊರತೆ ಮನಸ್ಸಿನದು. ಕುಣಿತವೆಂದರೆ ಓದು ಬಾರದವರ ಕಸುಬು ಎಂಬ ತಾತ್ಸಾರ. ಕರಿಯ ಕಂಬಳಿ ತೊಟ್ಟು ಡಮರುಗ ನುಡಿಸುವ ಮೈಲಾರದ ಗೊರವಯ್ಯ ಬಾಗಿಲಿಗೆ ಬಂದರೆ ಕಾಳು ನೀಡಿ ಕಳಿಸುತ್ತೇವೆ. ಶಾಲೆಯೊಳಗೆ ಗುರುವೆಂದು ಕರೆಯುವುದಿಲ್ಲ. ಕಾಳವ್ವ ಜೋಗತಿಯವರ ಮೇಳದಲ್ಲಿ ಪಳಗಿದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಆ ಹೆಜ್ಜೆಯನ್ನು ಅವರಿಗೆ ಯಾವ ಕಾಲೇಜೂ ಕಲಿಸಲಿಲ್ಲ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ: ಡೊಳ್ಳಿನವರನ್ನು, ಗೊರವರನ್ನು, ಕೋಲಾಟದ ಹಿರಿಯರನ್ನು ವರ್ಷವಿಡೀ ಶಾಲೆಗೆ ಕರೆಸಿರಿ. ಹಾರ ಹಾಕಿ ಕೈಮುಗಿದರೆ ಸಾಲದು, ದಿನದ ಕೂಲಿ ಕೊಡಿರಿ. ಮೇಷ್ಟರೂ ಮಕ್ಕಳ ಸಾಲಿನಲ್ಲಿ ನಿಂತು ಹೆಜ್ಜೆ ಕಲಿಯಲಿ. ಗಿರಣಿಯಲ್ಲಿ ದುಡಿದವನಿಗೆ ಕೂಲಿ ಕೇಳುವ ನಾವು, ಕುಣಿತ ಕಲಿಸಿದವನಿಗೂ ಕೇಳಬೇಡವೇ?