ಹಂಚಿಕೊಂಡ ವಿಳಾಸ

ದುಡಿಮೆಗೆಂದು ಪರ ಊರಿಗೆ ಹೋದವರಿಗೆ ಕಾಗದ ಬರೆಯುವ ಕ್ರಮ ನಮ್ಮ ದಕ್ಷಿಣ ಕನ್ನಡದ ಮನೆಗಳಿಗೆ ಹೊಸದಲ್ಲ. ಮುಂಬಯಿಯ ಹೊಟೇಲೊಂದರಲ್ಲಿ ಕೆಲಸಕ್ಕಿದ್ದ ಹತ್ತು ಹುಡುಗರಿಗೂ ವಿಳಾಸ ಒಂದೇ. ಹೆಸರಿನ ಕೆಳಗೆ ‘ಕೇರಾಫ್’ ಎಂದು ಬರೆದು ಹೊಟೇಲಿನ ಹೆಸರು ಬರೆದರಾಯಿತು. ಅಂಚೆಯವನು ಇಟ್ಟುಹೋದ ಕಾಗದಗಳನ್ನು ಗಲ್ಲಾಪೆಟ್ಟಿಗೆಯ ಬಳಿ ಕುಳಿತವರು ಹೆಸರು ನೋಡಿ ಹಂಚುತ್ತಿದ್ದರು. ಇಂದು ಮೂಡುಬಿದಿರೆಯ ಪಕ್ಕದ ಪುತ್ತಿಗೆಯಂಥ ಊರಿನಲ್ಲಿ ಅಂತರಜಾಲದ ತಂತಿ ಎಳೆಸಿಕೊಂಡ ಎಷ್ಟೋ ಮನೆಗಳು ಹೊರಜಗತ್ತಿಗೆ ಇಂಥ ಕೇರಾಫ್ ವಿಳಾಸದಿಂದಲೇ ಪರಿಚಿತವಾಗಿವೆ. ಮನೆಯವರಿಗೆ ಮಾತ್ರ ಅದು ತಿಳಿದಿರುವುದಿಲ್ಲ.

ಅಂತರಜಾಲದಲ್ಲಿ ವ್ಯವಹರಿಸುವ ಯಂತ್ರಕ್ಕೆ ಐಪಿ ವಿಳಾಸವೆಂಬ ಒಂದು ಸಂಖ್ಯೆ ಬೇಕು. ಹಳೆಯ ಪದ್ಧತಿಯಲ್ಲಿ ಇಂಥ ಸಂಖ್ಯೆಗಳು ಒಟ್ಟು ಸುಮಾರು 429 ಕೋಟಿ. ಭೂಮಿಯ ಜನಸಂಖ್ಯೆಯೇ 800 ಕೋಟಿಯನ್ನು ದಾಟಿರುವಾಗ ಇದು ಸಾಲದೆಂದು ಬೇರೆ ಹೇಳಬೇಕಾಗಿಲ್ಲ. ಹಂಚಿಕೆಯೂ ಸಮವಾಗಿ ಆಗಲಿಲ್ಲ. ಅಮೆರಿಕದ ಎಂ.ಐ.ಟಿ. ಎಂಬ ಒಂದೇ ವಿದ್ಯಾಸಂಸ್ಥೆಗೆ ಆರಂಭದ ದಿನಗಳಲ್ಲಿ 1 ಕೋಟಿ 67 ಲಕ್ಷ ವಿಳಾಸಗಳು ದೊರೆತಿದ್ದವು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮೊದಲ ಪಂಕ್ತಿಗೆ ಬಡಿಸಿದಷ್ಟು ಕೊನೆಯ ಪಂಕ್ತಿಗೆ ಉಳಿಯುವುದುಂಟೆ? 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಪಾಲು ಹಂಚಿಹೋಯಿತು. ಏಷ್ಯಾ-ಪೆಸಿಫಿಕ್ ಪ್ರಾಂತದ ನೋಂದಣಿ ಸಂಸ್ಥೆಯು 2019ರಲ್ಲಿ ಹೊಸ ಸದಸ್ಯರಿಗೆ ಹೆಚ್ಚೆಂದರೆ 512 ವಿಳಾಸಗಳೆಂದು ಮಿತಿ ಹಾಕಿತು.

ಒಂದು ಲೆಕ್ಕ ಹಾಕಿ ನೋಡೋಣ. ಪುತ್ತಿಗೆಯ ಸುತ್ತಿನ ಗ್ರಾಮಗಳಲ್ಲಿ ಒಬ್ಬ ಸಣ್ಣ ಉದ್ಯಮಿ 3,000 ಮನೆಗಳಿಗೆ ಅಂತರಜಾಲ ಒದಗಿಸುತ್ತಾನೆ ಎನ್ನಿ. ಅವನ ಕೈಯಲ್ಲಿರುವುದು 512 ವಿಳಾಸ. ಅವನು ಪ್ರತಿ ಮನೆಗೂ ಒಂದು ಒಳವಿಳಾಸ ಕೊಡುತ್ತಾನೆ. ಇದಕ್ಕೆಂದೇ 100.64ರಿಂದ 100.127ರವರೆಗೆ ಆರಂಭವಾಗುವ ಸುಮಾರು 42 ಲಕ್ಷ ಸಂಖ್ಯೆಗಳನ್ನು 2012ರಲ್ಲಿ ಮೀಸಲಿಡಲಾಯಿತು. ಒಳವಿಳಾಸ ಊರೊಳಗಿನ ಮನೆಯ ಹೆಸರಿನಂತೆ. ಹೊರಗೆ ಅದಕ್ಕೆ ಬೆಲೆಯಿಲ್ಲ. ಹೊರಗೆ ಸಲ್ಲುವ ಒಂದೊಂದು ವಿಳಾಸಕ್ಕೆ ‘ಪೋರ್ಟ್’ ಎಂಬ 65,536 ಕಿಂಡಿಗಳುಂಟು. ಮೊದಲ 1,024ನ್ನು ಬಿಟ್ಟು ಉಳಿದುದನ್ನು ಹಂಚಿದರೆ, ಒಂದು ವಿಳಾಸದಲ್ಲಿ 32 ಮನೆಗಳಿಗೆ ತಲಾ 2,016 ಕಿಂಡಿಗಳು ಬರುತ್ತವೆ. ಆಗ 3,000 ಮನೆಗಳಿಗೆ 94 ವಿಳಾಸಗಳೇ ಸಾಕು.

ಹಾಗಾದರೆ ಕೊರತೆಯೆಲ್ಲಿ? ಬಹುಪಾಲು ಅದು ದುಂದಿನಲ್ಲಿ. ಒಬ್ಬ ಗಿರಾಕಿಗೆಂದು ನಾಲ್ಕು ವಿಳಾಸಗಳ ತುಂಡನ್ನು ಕತ್ತರಿಸಿ ಕೊಡುವ ರೂಢಿಯುಂಟು. ಅದರಲ್ಲಿ ಮೊದಲನೆಯದೂ ಕೊನೆಯದೂ ಬಳಕೆಗೆ ಬಾರವು, ಒಂದು ಒದಗಿಸುವವನ ಯಂತ್ರಕ್ಕೆ ಹೋಗುತ್ತದೆ, ಗಿರಾಕಿಗೆ ದಕ್ಕುವುದು ಒಂದೇ. ಮನೆಯ ರೂಟರ್ ಹೆಸರು, ಗುಪ್ತಪದ ಹೇಳಿ ಸೇರಿಕೊಳ್ಳುವ ವಿಧಾನದಲ್ಲಿ ಒಬ್ಬರಿಗೆ ಒಂದೇ ವಿಳಾಸ ಸಾಕು. ತನ್ನ ಕಂಬ, ಪೆಟ್ಟಿಗೆಗಳಲ್ಲಿರುವ ಯಂತ್ರಗಳಿಗೂ ಒಳವಿಳಾಸವನ್ನೇ ಕೊಟ್ಟರೆ ಇನ್ನಷ್ಟು ಉಳಿಯುತ್ತದೆ. ಹೀಗೆ ಉಳಿಸಿದ್ದನ್ನು ಸ್ವಂತ ವಿಳಾಸ ನಿಜವಾಗಿ ಬೇಕಾದವರಿಗೆ, ಕಾಲೇಜಿಗೆ, ಆಸ್ಪತ್ರೆಗೆ, ಸಹಕಾರಿ ಸಂಘಕ್ಕೆ ಕೊಡಬಹುದು.

ಆದರೆ ಹಂಚಿಕೊಂಡ ವಿಳಾಸಕ್ಕೆ ಅದರದೇ ಕಷ್ಟಗಳಿವೆ. ಅಡಿಕೆ ತೋಟದ ನಡುವಿನ ಮನೆಯಲ್ಲಿ ವೃದ್ಧ ತಂದೆ ತಾಯಿಗಳಷ್ಟೇ ಇದ್ದಾರೆ. ಮಗ ಕೊಲ್ಲಿ ದೇಶದಲ್ಲಿ. ಅಂಗಳದ ಕ್ಯಾಮರಾವನ್ನು ಅವನು ಅಲ್ಲಿಂದ ನೇರವಾಗಿ ತೆರೆಯಹೋದರೆ ದಾರಿ ಸಿಕ್ಕುವುದಿಲ್ಲ. ಮಧ್ಯಸ್ಥ ಕಂಪೆನಿಯೊಂದರ ಯಂತ್ರವನ್ನು ಬಳಸಿ ಹೋಗಬೇಕಾಗುತ್ತದೆ. ಇನ್ನು, 32 ಮನೆಗಳಲ್ಲಿ ಒಂದರ ಗಣಕಕ್ಕೆ ಸೋಂಕು ತಗಲಿ ಅದು ಕಂಡಕಂಡಲ್ಲಿಗೆ ಕಸದ ಟಪಾಲು ಕಳಿಸಿದರೆ, ಎದುರಿನವರು ತಡೆಯುವುದು ವಿಳಾಸವನ್ನು. ಉಳಿದ 31 ಮನೆಗಳೂ ‘ನೀವು ಯಂತ್ರವಲ್ಲವೆಂದು ತೋರಿಸಿ’ ಎಂಬ ಪರೀಕ್ಷೆಗೆ ಗುರಿಯಾಗಬೇಕಾದೀತು.

ಇದಕ್ಕಿಂತ ಗಂಭೀರವಾದುದು ಅಪರಾಧದ ಪ್ರಶ್ನೆ. ಯಾರೋ ಒಬ್ಬರು ವಂಚನೆ ಮಾಡಿದರು. ಪೊಲೀಸರಿಗೆ ದೊರೆತದ್ದು ಬರಿಯ ವಿಳಾಸ. ಅದರ ಹಿಂದೆ 32 ಕುಟುಂಬಗಳಿವೆ. ಕಿಂಡಿಯ ಸಂಖ್ಯೆಯೂ ನಿಖರವಾದ ವೇಳೆಯೂ ದೊರೆತರೆ ಮಾತ್ರ ಮನೆ ತಿಳಿಯುತ್ತದೆ. ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಪರವಾನಗಿದಾರರಿಗೆ ವಿಧಿಸಿತು. ಪ್ರತಿ ಮನೆಗೂ ಇಂತಿಂಥ ಕಿಂಡಿಗಳೆಂದು ಗೊತ್ತುಮಾಡಿಟ್ಟರೆ ದಾಖಲೆ ಚಿಕ್ಕದು, ತಪ್ಪಿನ ಸಂಭವವೂ ಕಡಮೆ. ಯಂತ್ರದ ಗಡಿಯಾರ ಕೆಲವು ನಿಮಿಷ ತಪ್ಪಿದರೂ, ಕಿಂಡಿಗಳು ಕೈ ಬದಲಾಯಿಸುವ ಏರ್ಪಾಡಿನಲ್ಲಿ, ನಿರಪರಾಧಿಯ ಮನೆಯ ಬಾಗಿಲು ತಟ್ಟಿದಂತಾಗುತ್ತದೆ. ಹಂಚಿ ತಿನ್ನುವುದರಲ್ಲಿ ದೋಷವಿಲ್ಲ. ಹಂಚಿದವನು ಲೆಕ್ಕ ಇಡದಿರುವುದೇ ದೋಷ.

ಶಾಶ್ವತ ಪರಿಹಾರವೂ ಇಲ್ಲದಿಲ್ಲ. ಐಪಿ ಆರನೆಯ ಆವೃತ್ತಿಯ ಹೊಸ ಪದ್ಧತಿಯಲ್ಲಿ ವಿಳಾಸಗಳ ಸಂಖ್ಯೆ 340ರ ಮುಂದೆ 36 ಸೊನ್ನೆ ಬರೆದಷ್ಟು. ಮನೆಯ ಪ್ರತಿಯೊಂದು ಉಪಕರಣಕ್ಕೂ ಸ್ವಂತ ವಿಳಾಸ ದೊರೆಯಬಲ್ಲದು. ಹಾಗೆ ದೊರೆತಾಗ ರೂಟರಿನ ಕಾವಲು ಭದ್ರವಾಗಿರಬೇಕು ಎಂಬುದನ್ನೂ ಮರೆಯಲಾಗದು. ಹಳೆಯ ವಿಳಾಸವನ್ನೇ ನಂಬಿದ ತಾಣಗಳು ಇನ್ನೂ ಇರುವುದರಿಂದ ಎರಡೂ ಪದ್ಧತಿಗಳು ಕೆಲಕಾಲ ಜತೆಯಾಗಿ ಸಾಗಬೇಕು. ಆದರೆ ಹೊಸ ದಾರಿಯಲ್ಲಿ ಹೋಗುವ ಸಂಚಾರ ಹೆಚ್ಚಿದಷ್ಟೂ ಹಳೆಯ ಕಿಂಡಿಗಳ ಮೇಲಿನ ಒತ್ತಡ ಇಳಿಯುತ್ತದೆ.

ತಂತಿ ಎಳೆಯಲು ಬಂದವರನ್ನು ನಾವು ಸಾಮಾನ್ಯವಾಗಿ ಕೇಳುವುದು ವೇಗ ಎಷ್ಟು, ತಿಂಗಳಿಗೆ ಹಣ ಎಷ್ಟು ಎಂದು. ಇನ್ನೆರಡು ಮಾತು ಕೇಳುವುದು ಒಳ್ಳೆಯದು: ಆರನೆಯ ಆವೃತ್ತಿಯ ವಿಳಾಸ ಕೊಡುತ್ತೀರಾ? ಹಳೆಯದನ್ನು ಎಷ್ಟು ಮನೆಗಳ ಜತೆ ಹಂಚಿದ್ದೀರಿ? ಗಿರಾಕಿ ಕೇಳತೊಡಗಿದರೆ ಒದಗಿಸುವವನೂ ಉತ್ತರ ಸಿದ್ಧಮಾಡಿಕೊಳ್ಳುತ್ತಾನೆ.